ಮೀಟರಿಗೊಂದು ಅಂಗುಲ
ಹಿತ್ತಾಳೆಯಲ್ಲಿ ರೈಲು ಎಂಜಿನಿನ ಮಾದರಿ ಕಟ್ಟುವ ಬಗೆ

ಆಟಿಕೆಯ ರೈಲಿಗೂ ರೈಲಿನ ಮಾದರಿಗೂ ಏನು ವ್ಯತ್ಯಾಸ? ಚಾವಿ ಕೊಟ್ಟರೆ ಓಡುವ ತಗಡಿನ ಎಂಜಿನನ್ನು ಜಾತ್ರೆಯಿಂದ ತಂದು ಮಕ್ಕಳ ಕೈಗೆ ಕೊಟ್ಟವರು ನಿಮ್ಮಲ್ಲಿ ಅನೇಕರಿರಬಹುದು. ನಾಲ್ಕು ಗಾಲಿ, ಒಂದು ಚಿಮಣಿ, ಒಂದಿಷ್ಟು ಕೆಂಪು ಬಣ್ಣ ಇದ್ದರೆ ಮಗುವಿಗೆ ಅದು ಎಂಜಿನೇ ಸರಿ. ಗಾಲಿ ತುಸು ದೊಡ್ಡದಾದರೂ, ಕಿಟಕಿ ಎರಡರ ಬದಲು ಮೂರಾದರೂ ಮಗು ತಕರಾರು ಮಾಡುವುದಿಲ್ಲ. ಮಾದರಿಯ ಮಾತು ಹಾಗಲ್ಲ. ಅದು ನಿಜವಾದ ಗಾಡಿಯನ್ನು ಅಳೆದು, ಅದರ ಪ್ರತಿಯೊಂದು ಅಳತೆಯನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ಮಾಡಿದ ವಸ್ತು. ಮೂಲವನ್ನು ಕಂಡೇ ಇಲ್ಲದವನು ಕೂಡ ಅದರ ಮೇಲೆ ಅಳತೆಪಟ್ಟಿ ಇಟ್ಟು, ಮೂಲದ ಉದ್ದವೆಷ್ಟು, ಎತ್ತರವೆಷ್ಟು ಎಂದು ಲೆಕ್ಕ ಹಾಕಿ ಹೇಳಬಹುದು.

ಇಂಥ ಸಣ್ಣ ವಸ್ತುಗಳಿಗೆ ದೊಡ್ಡ ಇತಿಹಾಸವೇ ಇದೆ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ರೆಡ್ರುತ್ ಎಂಬ ಊರಿನಲ್ಲಿ ವಿಲಿಯಂ ಮರ್ಡಾಕ್ ಎಂಬ ಕುಶಲಿ ೧೭೮೪ರಲ್ಲಿ ಉಗಿಯ ಬಲದಿಂದ ತಾನೇ ಓಡುವ ಮೂರು ಗಾಲಿಯ ಪುಟ್ಟ ಗಾಡಿಯೊಂದನ್ನು ಮಾಡಿದ್ದ. ಹಳಿಯ ಮೇಲೆ ಉಗಿ ಎಂಜಿನು ಭಾರವನ್ನೆಳೆದದ್ದು ೧೮೦೪ರಲ್ಲಿ. ಅಂದರೆ ಅಲ್ಲಿ ಮಾದರಿ ಮೊದಲು ಹುಟ್ಟಿತು, ಗಾಡಿ ಆಮೇಲೆ ಬಂತು. ನಾವು ಇಲ್ಲಿ ವಿಚಾರ ಮಾಡಬೇಕಾಗಿರುವುದು ಇದಕ್ಕೆ ತಿರುವುಮುರುವಾದ ಸಂದರ್ಭವನ್ನು: ಗಾಡಿ ಹೊರಟುಹೋದ ಮೇಲೆ ಅದರ ಮಾದರಿಯನ್ನು ಮಾಡಿ ಉಳಿಸಿಕೊಳ್ಳುವುದು ಹೇಗೆ?

ಈ ಪ್ರಶ್ನೆ ನಮ್ಮ ಕುಮಟಾ, ಹೊನ್ನಾವರ, ಭಟ್ಕಳದ ಕರಾವಳಿಗೆ ಚೆನ್ನಾಗಿ ಒಪ್ಪುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಬಯಲುಸೀಮೆಯ ಹತ್ತಿ ಎತ್ತಿನ ಬಂಡಿಗಳಲ್ಲಿ ಶಿರಸಿಯ ಮೇಲೆ ಹಾಯ್ದು, ದೇವಿಮನೆ ಘಟ್ಟವನ್ನಿಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ಮುಂಬಯಿಯ ಪೇಟೆಯಲ್ಲಿ ಆ ಹತ್ತಿಗೆ ಕುಮಟಾ ಹತ್ತಿ ಎಂದೇ ಹೆಸರು. ೧೮೬೧ರಿಂದ ೧೮೬೫ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಈ ವ್ಯಾಪಾರ ಬಹಳ ಏರಿತು. ೧೮೮೦ರ ದಶಕದ ಕೊನೆಯಲ್ಲಿ ಮರ್ಮಗೋವೆಗೆ ರೈಲುಹಾದಿಯಾದ ಮೇಲೆ ಹತ್ತಿ ಆ ಕಡೆಗೆ ತಿರುಗಿತು. ಕುಮಟೆಯ ಬಂಡಿಗಳ ಸಾಲು ಕರಗಿತು. ಘಟ್ಟವಿಳಿಯುತ್ತಿದ್ದ ಆ ಬಂಡಿಯ ಗಾಲಿ ಎಷ್ಟು ಎತ್ತರವಿತ್ತು, ಅಚ್ಚು ಎಷ್ಟು ಉದ್ದವಿತ್ತು, ಇಳಿಜಾರಿನಲ್ಲಿ ಗಾಲಿಯನ್ನು ಯಾವುದರಿಂದ ತಡೆಯುತ್ತಿದ್ದರು ಎಂದು ಕೇಳಿದರೆ ಇಂದು ನಮ್ಮಲ್ಲಿ ಎಷ್ಟು ಮಂದಿ ಉತ್ತರ ಹೇಳಿಯಾರು? ಸೇತುವೆಗಳಾಗುವ ಮೊದಲು ಮೋಟಾರುಗಳನ್ನು ಏರಿಸಿಕೊಂಡು ಶರಾವತಿಯನ್ನು ದಾಟಿಸುತ್ತಿದ್ದ ದೋಣಿಗಳ ವಿಷಯವೂ ಇಷ್ಟೇ. ದಿನನಿತ್ಯ ಕಣ್ಣಿಗೆ ಬೀಳುವ ವಸ್ತುವನ್ನು ಯಾರೂ ಅಳೆದಿಡುವುದಿಲ್ಲ. ಅಳೆಯಬೇಕೆಂಬ ಬುದ್ಧಿ ಬರುವ ಹೊತ್ತಿಗೆ ಆ ವಸ್ತು ಇರುವುದಿಲ್ಲ.

ಈಗ ಮೂರನೆಯ ಸರದಿ ಬಂದಿದೆ. ಕೊಂಕಣ ರೈಲುಮಾರ್ಗದ ಕೆಲಸಕ್ಕೆಂದು ೧೯೯೦ರಲ್ಲಿ ನಿಗಮ ಸ್ಥಾಪನೆಯಾಯಿತು. ೧೯೯೮ರ ಜನವರಿ ೨೬ರಂದು ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನ ವರೆಗೆ ಇಡೀ ಹಾದಿ ತೆರೆಯಿತು. ಅಂದಿನಿಂದ ಎರಡು ದಶಕಗಳಿಗೂ ಮಿಕ್ಕಿ ಈ ಹಾದಿಯಲ್ಲಿ ಗಾಡಿಗಳನ್ನೆಳೆದದ್ದು ಡೀಸೆಲ್ ಎಂಜಿನುಗಳು. ೨೦೨೨ರಲ್ಲಿ ಹಾದಿಯುದ್ದಕ್ಕೂ ವಿದ್ಯುತ್ ತಂತಿ ಎಳೆದು ಮುಗಿಯಿತು. ಖರ್ಚು, ಹೊಗೆ ಎರಡೂ ಕಡಮೆಯಾಗುವುದರಿಂದ ಇದು ಒಳ್ಳೆಯದೇ. ಆದರೆ ಹೊನ್ನಾವರದ ಸೇತುವೆಯ ಮೇಲೆ ನಡುರಾತ್ರಿ ಗುಡುಗುಡಿಸಿ ಹೋಗುತ್ತಿದ್ದ ಆ ಎಂಜಿನು ಮುಂದಿನ ಪೀಳಿಗೆಗೆ ಕತೆಯ ವಸ್ತುವಾಗುವುದು ಖಂಡಿತ. ಅಮೆರಿಕದಲ್ಲಿಯೂ ಹೀಗೆಯೇ ಆಯಿತು. ಅಲ್ಲಿಯ ರೈಲ್ವೆಗಳು ೧೯೫೦ರ ದಶಕದಲ್ಲಿ ಉಗಿ ಎಂಜಿನನ್ನು ಬಿಟ್ಟು ಡೀಸೆಲನ್ನು ಹಿಡಿದಾಗ, ಆ ಉಗಿ ಎಂಜಿನುಗಳ ಮಾದರಿಗಳನ್ನು ಹಿತ್ತಾಳೆಯಲ್ಲಿ ಬೆಸೆದು ಕಳಿಸಿದವರು ಜಪಾನಿನ ಸಣ್ಣ ಸಣ್ಣ ಕಾರ್ಯಾಗಾರಗಳ ಕೈಕೆಲಸಗಾರರು. ನಮ್ಮ ಎಂಜಿನಿನ ಮಾದರಿಯನ್ನು ನಮ್ಮ ಊರಿನಲ್ಲಿಯೇ ಮಾಡುವುದಕ್ಕೆ ಅಡ್ಡಿಯೇನು? ಬೇಕಾದ ಲೋಹ ಪೇಟೆಯಲ್ಲಿದೆ. ಬೇಕಾದ ಕೈಚಳಕ ಅಕ್ಕಸಾಲಿಗರ ಓಣಿಯಲ್ಲಿದೆ.

ಮೊದಲು ಯಾವ ಎಂಜಿನು ಎಂದು ನಿರ್ಧರಿಸಿಕೊಳ್ಳಿ. ಡಬ್ಲ್ಯು-ಡಿ-ಎಂ-೨ ಎಂಬುದು ಭಾರತದ ಹಳಿಗಳ ಮೇಲೆ ಬಹುಕಾಲ ದುಡಿದ ಜಾತಿ. ಕೊಂಕಣ ಹಾದಿಯ ಮೊದಲ ವರ್ಷಗಳಲ್ಲಿಯೂ ದುಡಿದದ್ದು. ಹೆಸರಿನಲ್ಲಿ ಡಬ್ಲ್ಯು ಎಂದರೆ ಅಗಲ ಹಳಿ, ಡಿ ಎಂದರೆ ಡೀಸೆಲು, ಎಂ ಎಂದರೆ ಜನರ ಗಾಡಿ, ಸಾಮಾನಿನ ಗಾಡಿ ಎರಡಕ್ಕೂ ಸಲ್ಲುವುದು. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ. ೧೯೬೨ರಲ್ಲಿ ಹಡಗಿನಲ್ಲಿ ಬಂತು, ೧೯೬೪ರಿಂದ ವಾರಾಣಸಿಯ ಕಾರ್ಖಾನೆಯಲ್ಲಿಯೇ ತಯಾರಾಯಿತು. ೧೬ ಸಿಲಿಂಡರು, ೨,೬೦೦ ಅಶ್ವಶಕ್ತಿ, ೧೧೨.೮ ಟನ್ ತೂಕ. ಬಫರಿನಿಂದ ಬಫರಿಗೆ ಉದ್ದ ೧೭,೧೨೦ ಮಿಲಿಮೀಟರು, ಅಗಲ ೨,೮೬೪, ಎತ್ತರ ೪,೧೮೫, ಗಾಲಿಯ ವ್ಯಾಸ ೧,೦೯೨, ಹಳಿಗಳ ನಡುವಣ ಅಂತರ ೧,೬೭೬. ಈ ಐದು ಅಂಕೆಗಳನ್ನು ಒಂದು ಚೀಟಿಯಲ್ಲಿ ಬರೆದು ಕೆಲಸದ ಮೇಜಿನ ಎದುರಿಗೆ ಅಂಟಿಸಿಬಿಡಿ. ಮುಂದಿನ ಕೆಲಸವೆಲ್ಲ ಇವುಗಳ ಅಧೀನ.

ಇನ್ನು ಪ್ರಮಾಣ. ನಲವತ್ತರಲ್ಲಿ ಒಂದು ಎಂದಿಟ್ಟುಕೊಂಡರೆ ಮನೆಯಲ್ಲಿ ಮಾಡುವವರಿಗೆ ಅನುಕೂಲ. ನಿಜದ ಒಂದು ಮೀಟರು ಮಾದರಿಯಲ್ಲಿ ೨೫ ಮಿಲಿಮೀಟರಾಗುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಅಂಗುಲ. ಈ ಲೆಕ್ಕದಲ್ಲಿ ಎಂಜಿನಿನ ಉದ್ದ ೪೨೮ ಮಿಲಿಮೀಟರು, ಅಗಲ ೭೧.೬, ಎತ್ತರ ೧೦೪.೬, ಗಾಲಿ ೨೭.೩, ಹಳಿಯ ಅಂತರ ೪೧.೯. ಗಾಜಿನ ಬೀರುವಿನ ಒಂದು ಅಂಕಣದಲ್ಲಿ ನಿಲ್ಲುವಷ್ಟು. ಹೊನ್ನಾವರದ ಶರಾವತಿ ರೈಲುಸೇತುವೆ ೨,೦೬೫ ಮೀಟರಿಗೂ ತುಸು ಹೆಚ್ಚು ಉದ್ದ. ಅದನ್ನು ಇದೇ ಪ್ರಮಾಣದಲ್ಲಿ ಕಟ್ಟಹೊರಟರೆ ಸುಮಾರು ೫೨ ಮೀಟರು ಜಾಗ ಬೇಕು. ಆದ್ದರಿಂದ ಎಂಜಿನಿಗೇ ತೃಪ್ತರಾಗುವುದು ಮೇಲು.

ಇಲ್ಲಿ ಒಂದು ಸೋಜಿಗವನ್ನು ಗಮನಿಸಿ. ಉದ್ದ ನಲವತ್ತರಲ್ಲೊಂದಾದರೆ ಮೈಯ ವಿಸ್ತೀರ್ಣ ನಲವತ್ತರ ನಲವತ್ತರಷ್ಟು, ಅಂದರೆ ೧,೬೦೦ರಲ್ಲಿ ಒಂದಾಗುತ್ತದೆ. ಗಾತ್ರವಾದರೋ ೬೪,೦೦೦ದಲ್ಲಿ ಒಂದು. ೧೧೨.೮ ಟನ್ನನ್ನು ೬೪,೦೦೦ದಿಂದ ಭಾಗಿಸಿದರೆ ಒಂದೂಮುಕ್ಕಾಲು ಕಿಲೋಗ್ರಾಮು ಬರುತ್ತದೆ. ಹಿತ್ತಾಳೆಯಲ್ಲಿ ಮಾಡಿದ ಮಾದರಿಯ ತೂಕವೂ ಸುಮಾರಾಗಿ ಇಷ್ಟಕ್ಕೇ ಬಂದರೆ ಆಶ್ಚರ್ಯವಿಲ್ಲ. ಕೈಗೆತ್ತಿಕೊಂಡಾಗ ‘ಇದು ಎಂಜಿನು’ ಎಂದು ಕೈಗೇ ತಿಳಿಯುವುದು ಈ ತೂಕದಿಂದ.

ಆದರೆ ಎಲ್ಲವನ್ನೂ ನಲವತ್ತರಿಂದ ಭಾಗಿಸುವಂತಿಲ್ಲ. ನಿಜದ ಎಂಜಿನಿನ ಮೈತಗಡು ೨ ಮಿಲಿಮೀಟರು ದಪ್ಪವಿದೆಯೆಂದುಕೊಳ್ಳಿ. ಮಾದರಿಯಲ್ಲಿ ಅದು ೦.೦೫ ಮಿಲಿಮೀಟರಾಗಬೇಕು. ಅಷ್ಟು ತೆಳುವಾದ ಹಿತ್ತಾಳೆ ಬೆರಳು ತಾಗಿದರೆ ಮುದುಡುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವ ಹೊರಮೈ, ಅಂಚು, ಅಂತರಗಳಲ್ಲಿ ಅಳತೆಯನ್ನು ಬಿಡಬಾರದು. ಕಾಣದ ಒಳದಪ್ಪದಲ್ಲಿ ಲೋಹದ ಸ್ವಭಾವಕ್ಕೆ ಬಗ್ಗಬೇಕು. ಎಲ್ಲಿ ಬಗ್ಗಿದಿರಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಇಲ್ಲದಿದ್ದರೆ ನಿಮ್ಮ ಮಾದರಿಯನ್ನು ನಂಬಿ ಮುಂದೆ ಅಳೆಯುವವನು ಮೋಸಹೋಗುತ್ತಾನೆ.

ಮರವನ್ನೇಕೆ ಬಳಸಬಾರದು ಎಂದು ನೀವು ಕೇಳಬಹುದು. ನಮ್ಮ ಜಿಲ್ಲೆಯ ಗುಡಿಗಾರರು ಗಂಧದಲ್ಲಿ ಬಿಡಿಸುವ ಬಳ್ಳಿಯ ಕುಸುರನ್ನು ಕಂಡವರಿಗೆ ಈ ಪ್ರಶ್ನೆ ಸಹಜ. ಬಳ್ಳಿಗೆ ಹಿಂದೆ ಹಲಗೆಯ ಆಸರೆ ಇರುತ್ತದೆ. ಎಂಜಿನಿನ ಪಕ್ಕದ ಕೈಹಿಡಿಕಂಬಿಗೆ ಅಂಥ ಆಸರೆಯಿಲ್ಲ. ೩೨ ಮಿಲಿಮೀಟರಿನ ಕಂಬಿ ಮಾದರಿಯಲ್ಲಿ ೦.೮ ಮಿಲಿಮೀಟರಾಗಿ, ಗಾಳಿಯಲ್ಲಿ ನೇರವಾಗಿ ನಿಲ್ಲಬೇಕು. ಅಷ್ಟು ಸಣ್ಣದಾಗಿ ಸೀಳಿದ ಮರ ಮುರಿಯುತ್ತದೆ, ತಂತಿ ನಿಲ್ಲುತ್ತದೆ. ಕಬ್ಬಿಣದ ತಗಡು ಅಗ್ಗವೇನೋ ಹೌದು. ಆದರೆ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಉಪ್ಪುಗಾಳಿ ಬೀಸುವ ಈ ತೀರದಲ್ಲಿ ಅದಕ್ಕೆ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ಹಿತ್ತಾಳೆ ಕಿಲುಬು ಹಿಡಿದೀತು, ತುಕ್ಕಾಗಿ ಉದುರುವುದಿಲ್ಲ. ತಾಮ್ರ ಮತ್ತು ಸತುವಿನ ಈ ಬೆರಕೆ ಕೊರೆಯಲು, ಬಾಗಿಸಲು, ಬೆಸೆಯಲು ಎಲ್ಲಕ್ಕೂ ಒಗ್ಗುತ್ತದೆ.

ಅಳತೆ ಸಂಗ್ರಹಿಸುವ ಕೆಲಸ ಕಟ್ಟುವ ಕೆಲಸದಷ್ಟೇ ದೊಡ್ಡದು. ಹಳಿಯ ಮೇಲೆ ಇಳಿದು ಅಳೆಯುವ ಸಾಹಸ ಬೇಡ. ಅದು ಅಪಾಯ, ಕಾನೂನಿಗೂ ವಿರುದ್ಧ. ಹಳೆಯ ಛಾಯಾಚಿತ್ರಗಳಿಂದಲೇ ಬಹಳಷ್ಟನ್ನು ತೆಗೆಯಬಹುದು. ಎಂಜಿನಿನ ಪಕ್ಕಕ್ಕೆ ನೇರವಾಗಿ, ದೂರದಲ್ಲಿ ನಿಂತು ತೆಗೆದ ಚಿತ್ರವೊಂದನ್ನು ದೊಡ್ಡದು ಮಾಡಿಸಿರಿ. ಅದರಲ್ಲಿ ಗಾಲಿಯ ವ್ಯಾಸ ೨೧ ಮಿಲಿಮೀಟರು ಬಂದರೆ, ೧,೦೯೨ನ್ನು ೨೧ರಿಂದ ಭಾಗಿಸಿ: ೫೨. ಅಂದರೆ ಚಿತ್ರದ ಒಂದು ಮಿಲಿಮೀಟರು ನಿಜದ ೫೨ ಮಿಲಿಮೀಟರಿಗೆ ಸಮ. ಚಿತ್ರದಲ್ಲಿ ೧೦ ಮಿಲಿಮೀಟರು ಕಾಣುವ ಬಾಗಿಲು ನಿಜದಲ್ಲಿ ೫೨೦, ಮಾದರಿಯಲ್ಲಿ ೧೩. ಆದರೆ ಓಡಿ ಓಡಿ ಸವೆದ ಗಾಲಿಯ ವ್ಯಾಸ ಕಡಮೆಯಾಗಿರುತ್ತದೆ. ಓರೆಯಾಗಿ ತೆಗೆದ ಚಿತ್ರದಲ್ಲಿ ದೂರದ ತುದಿ ಕುಗ್ಗಿ ಕಾಣುತ್ತದೆ. ಆದ್ದರಿಂದ ಎಂಜಿನಿನ ಪೂರ್ತಿ ಉದ್ದವನ್ನೂ ಇದೇ ಲೆಕ್ಕದಲ್ಲಿ ತೆಗೆದು, ೧೭,೧೨೦ಕ್ಕೆ ಹತ್ತಿರ ಬಂತೇ ಎಂದು ತಾಳೆ ನೋಡಿ. ಬಾರದಿದ್ದರೆ ಆ ಚಿತ್ರವನ್ನು ನಂಬಬೇಡಿ.

ಹೀಗೆ ದೊರೆತ ಅಳತೆಗಳಿಂದ ದಪ್ಪ ಕಾಗದದ ಮೇಲೆ ಪಕ್ಕ, ಮೇಲು, ಮುಂದು, ಹಿಂದು ಎಂದು ನಾಲ್ಕು ನಕ್ಷೆಗಳನ್ನು ಮಾದರಿಯಷ್ಟೇ ದೊಡ್ಡದಾಗಿ ಬರೆಯಿರಿ. ಈ ಎಂಜಿನಿನ ಸ್ವರೂಪ ಸರಳ. ಕೆಳಗೆ ಗಟ್ಟಿಯಾದ ತಳಕಟ್ಟು. ಅದರ ಮೇಲೆ ಒಂದು ಕಡೆ ಉದ್ದನೆಯ ಮೂತಿ, ಇನ್ನೊಂದು ಕಡೆ ಗಿಡ್ಡ ಮೂತಿ, ಎರಡರ ನಡುವೆ ಚಾಲಕರ ಕೋಣೆ. ಉದ್ದ ಮೂತಿಯ ತುದಿಯಲ್ಲಿ ನೀರನ್ನು ತಣಿಸುವ ರೇಡಿಯೇಟರು, ಅದರ ನೆತ್ತಿಯಲ್ಲಿ ದೊಡ್ಡ ಪಂಖ. ತಳದಲ್ಲಿ ಮೂರು ಮೂರು ಅಚ್ಚುಗಳ ಎರಡು ಬೋಗಿ, ಅವುಗಳ ನಡುವೆ ೫,೦೦೦ ಲೀಟರು ಹಿಡಿಯುವ ಎಣ್ಣೆಯ ತೊಟ್ಟಿ. ಬೋಗಿಯ ಮೂರು ಅಚ್ಚುಗಳ ಅಂತರ ಸಮವಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಅಚ್ಚುಗಳನ್ನು ತಿರುಗಿಸುವ ಮೋಟಾರುಗಳಿಗೆ ಜಾಗ ಮಾಡಿಕೊಡುವುದಕ್ಕಾಗಿ ಹಾಗಿದೆ. ಮೂರನ್ನೂ ಸಮಾಂತರದಲ್ಲಿಟ್ಟರೆ ಬಲ್ಲವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಇನ್ನು ಲೋಹಕ್ಕೆ ಕೈಹಚ್ಚೋಣ. ಮೈಗೆ ೦.೪ ಅಥವಾ ೦.೫ ಮಿಲಿಮೀಟರಿನ ಹಿತ್ತಾಳೆ ತಗಡು, ತಳಕಟ್ಟಿಗೆ ಒಂದು ಒಂದೂವರೆ ಮಿಲಿಮೀಟರಿನದು, ಕಂಬಿಗಳಿಗೆ ತಂತಿ. ಸಲಕರಣೆಗಳೆಂದರೆ ಕೂದಲೆಳೆಯಂಥ ಅಲಗಿನ ಸಣ್ಣ ಗರಗಸ, ಅರಗಳು, ಚಿಮಟ, ಕೈವಾರ, ಮೂಲೆಮಟ್ಟ, ಕೈಬೈರಿಗೆ, ಒಂದು ವರ್ನಿಯರ್ ಕ್ಯಾಲಿಪರು. ಕುಮಟೆಯ ಅಥವಾ ಹೊನ್ನಾವರದ ಯಾವ ಅಕ್ಕಸಾಲಿಗರ ಅಂಗಡಿಗೆ ಹೋದರೂ ಇವುಗಳಲ್ಲಿ ಹೆಚ್ಚಿನವು ಕಾಣಸಿಗುತ್ತವೆ. ಮೂಗುತಿಗೆ ಹರಳು ಕೂರಿಸುವ ಕೈಗೆ ಎಂಜಿನಿನ ದೀಪ ಕೂರಿಸುವುದು ಹೊಸ ವಿದ್ಯೆಯಲ್ಲ. ಯಂತ್ರದಲ್ಲಿ ಅಚ್ಚೊತ್ತಿದ ಒಡವೆಗಳು ಬಂದ ಮೇಲೆ ಈ ಕೈಗಳಿಗೆ ಕೆಲಸ ಕಡಮೆಯಾಗಿದೆ. ಅವರ ಬಳಿ ನಾಲ್ಕು ದಿನ ಕುಳಿತು ನೋಡಿದರೆ ಪುಸ್ತಕದಿಂದ ಸಿಗದ ಎಷ್ಟೋ ಸಂಗತಿ ತಿಳಿಯುತ್ತದೆ.

ಗರಗಸದ ಅಲಗನ್ನು ಹಲ್ಲು ಕೆಳಮುಖವಾಗಿರುವಂತೆ, ಅಂದರೆ ಹಿಡಿಯ ಕಡೆಗೆ ಇರುವಂತೆ ಬಿಗಿಯಬೇಕು. ಎಳೆಯುವಾಗ ಕೊಯ್ಯಬೇಕೇ ಹೊರತು ದೂಡುವಾಗಲ್ಲ. ತಗಡಿನ ದಪ್ಪದಲ್ಲಿ ಒಮ್ಮೆಗೆ ಎರಡು ಮೂರು ಹಲ್ಲುಗಳಾದರೂ ತಾಗುವಂಥ ಅಲಗನ್ನೇ ಆರಿಸಿ. ಹಲ್ಲು ದೊಡ್ಡದಾದರೆ ತಗಡಿಗೆ ಸಿಕ್ಕಿ ಅಲಗು ತುಂಡಾಗುತ್ತದೆ. ಅಲಗಿಗೆ ಆಗಾಗ ಮೇಣ ಸವರಿ. ಗೆರೆಯ ಮೇಲೆಯೇ ಕೊಯ್ಯದೆ ಹೊರಗೆ ಕೂದಲೆಳೆಯಷ್ಟು ಬಿಟ್ಟು ಕೊಯ್ದು, ಆಮೇಲೆ ಅರದಿಂದ ಗೆರೆಗೆ ತನ್ನಿ. ಎಡಬಲದ ಪಕ್ಕಗಳನ್ನು ಬೇರೆ ಬೇರೆ ಕೊಯ್ಯಬೇಡಿ. ಎರಡು ತಗಡುಗಳನ್ನು ಮೂಲೆಗಳಲ್ಲಿ ಚುಕ್ಕೆಯಷ್ಟು ಬೆಸೆದು ಒಟ್ಟಿಗೆ ಕೊಯ್ದು ಅರ ಹಾಕಿದರೆ ಎರಡೂ ಒಂದೇ ಅಚ್ಚಿನಂತಾಗುತ್ತವೆ. ಆಮೇಲೆ ಕಾಯಿಸಿ ಬಿಡಿಸಿಕೊಳ್ಳಬಹುದು.

ಹಿತ್ತಾಳೆಗೆ ಒಂದು ಗುಣವಿದೆ. ಬಡಿದಷ್ಟೂ ಬಾಗಿಸಿದಷ್ಟೂ ಅದು ಸೆಡೆತು ಗಡುಸಾಗುತ್ತದೆ, ಕೊನೆಗೆ ಸೀಳುತ್ತದೆ. ಮಂಕುಗೆಂಪು ಬರುವ ತನಕ ಕಾಯಿಸಿ ಆರಲು ಬಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ಒಳಗಿನ ಹರಳುಗಳು ಕಾವಿನಲ್ಲಿ ಹೊಸದಾಗಿ ಜೋಡಣೆಗೊಳ್ಳುವುದೇ ಇದಕ್ಕೆ ಕಾರಣ. ಮೂತಿಯ ಅಂಚಿನ ದುಂಡನೆಯ ಬಾಗುಗಳನ್ನು ಹೀಗೆ ಮೆತ್ತಗೆ ಮಾಡಿದ ತಗಡನ್ನು ಉಕ್ಕಿನ ಸಲಾಕೆಯ ಮೇಲೆ ಒತ್ತಿ ತೆಗೆಯಬೇಕು. ಚೂಪಾದ ಮೂಲೆ ಬೇಕಾದಲ್ಲಿ ಒಳಬದಿಗೆ ಅರ್ಧ ದಪ್ಪದಷ್ಟು ಗೀರು ಹಾಕಿ ಮಡಿಸಿ, ಒಳಗಿನಿಂದ ಬೆಸುಗೆ ತುಂಬಬೇಕು. ಒಂದು ಕ್ರಮ ಮಾತ್ರ ಜ್ಞಾಪಕದಲ್ಲಿರಲಿ: ಬೋಲ್ಟಿನ ತಲೆಗಳನ್ನು ಹಿಂದಿನಿಂದ ಮೊಂಡುಸೂಜಿಯಲ್ಲಿ ಕುಟ್ಟಿ ಎಬ್ಬಿಸುವುದಾಗಲಿ, ಕಂಬಿಗಳಿಗೆ ತೂತು ಕೊರೆಯುವುದಾಗಲಿ ಬಾಗಿಸುವ ಮೊದಲೇ, ತಗಡು ಚಪ್ಪಟೆಯಾಗಿರುವಾಗಲೇ ಮುಗಿಯಬೇಕು. ಬಾಗಿಸಿದ ಮೇಲೆ ಒಳಗೆ ಸುತ್ತಿಗೆ ಹೋಗುವುದಿಲ್ಲ. ಉದ್ದ ಮೂತಿಯ ಪಕ್ಕದಲ್ಲಿ ಸಾಲಾಗಿರುವ ಬಾಗಿಲುಗಳನ್ನು ೦.೨ ಮಿಲಿಮೀಟರಿನ ತಗಡಿನಲ್ಲಿ ಬೇರೆಯಾಗಿ ಕತ್ತರಿಸಿ ಮೇಲೆ ಅಂಟಿಸಿದಂತೆ ಬೆಸೆದರೆ ನಿಜದಂತೆಯೇ ತುಸು ಉಬ್ಬಿ ಕಾಣುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಬೆಸುಗೆ. ರೇಡಿಯೋ ರಿಪೇರಿಯವರ ಬಳಿ ಇರುವ ಸಾಲ್ಡರಿಂಗ್ ಐರನ್ನು ತಂತಿ ಜೋಡಿಸಲು ಸಾಕು. ಅಂಗೈಯಗಲದ ಹಿತ್ತಾಳೆಗೆ ಸಾಲದು. ಹಿತ್ತಾಳೆ ಕಾವನ್ನು ಬೇಗ ಹರಡಿಬಿಡುವುದರಿಂದ ಜೋಡಿನ ಜಾಗ ಕಾಯುವುದೇ ಇಲ್ಲ. ಅದಕ್ಕೆ ೧೦೦ ವಾಟಿನ ಐರನ್ನಾಗಲಿ ಸಣ್ಣ ಉರಿಯಾಗಲಿ ಬೇಕು. ಜೋಡನ್ನು ಹೊಳೆಯುವಂತೆ ಉಜ್ಜಿ, ಗಾಳಿ ತಾಗಿ ಕಪ್ಪಾಗದಂತೆ ತಡೆಯುವ ದ್ರಾವಕ ಸವರಿ, ಕಾವನ್ನು ಲೋಹಕ್ಕೆ ಕೊಡಿ, ಬೆಸುಗೆಯ ಕಡ್ಡಿಗಲ್ಲ. ಲೋಹ ಸಾಕಷ್ಟು ಕಾದರೆ ಬೆಸುಗೆ ತಾನೇ ಕರಗಿ, ನೆಲಕ್ಕೆ ನೀರು ಇಂಗುವಂತೆ ಸಂದಿಗೆ ಹರಿಯುತ್ತದೆ. ಮುದ್ದೆಯಾಗಿ ಕುಳಿತ ಬೆಸುಗೆ ಹಿಡಿದ ಬೆಸುಗೆಯಲ್ಲ.

ನೂರಾರು ಬಿಡಿಭಾಗಗಳಿರುವಾಗ ಇನ್ನೊಂದು ತೊಡಕು ಬರುತ್ತದೆ. ಹತ್ತನೆಯದನ್ನು ಬೆಸೆಯುವಾಗ ಒಂಬತ್ತನೆಯದು ಕಳಚಿ ಬೀಳುತ್ತದೆ. ಇದಕ್ಕೆ ಉಪಾಯ ಅಕ್ಕಸಾಲಿಗರಿಗೆ ಹಿಂದಿನಿಂದಲೂ ಗೊತ್ತು: ಹೆಚ್ಚು ಕಾವಿಗೆ ಕರಗುವ ಬೆಸುಗೆ ಮೊದಲು, ಕಡಮೆ ಕಾವಿನದು ಆಮೇಲೆ. ಹಿತ್ತಾಳೆ ಕರಗುವುದು ಸುಮಾರು ೯೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ. ಬಿಳಿಗಾರ ಹಾಕಿ ಮಾಡುವ ಬೆಳ್ಳಿಯ ಬೆಸುಗೆಗೆ ೬೦೦ ಡಿಗ್ರಿಗೂ ಮೇಲೆ ಬೇಕು. ತಳಕಟ್ಟು, ಬೋಗಿಯ ಚೌಕಟ್ಟುಗಳಿಗೆ ಅದು. ೬೩ ಭಾಗ ತವರ, ೩೭ ಭಾಗ ಸೀಸ ಬೆರೆಸಿದ ಬೆಸುಗೆ ೧೮೩ ಡಿಗ್ರಿಗೆ ಕರಗುತ್ತದೆ. ಮೂತಿ, ಕೋಣೆಗಳಿಗೆ ಇದು. ಬಿಸ್ಮತ್ ಬೆರೆತದ್ದು ಕುದಿನೀರಿನ ಕಾವಿಗಿಂತ ಕಡಮೆಯಲ್ಲಿಯೇ ಕರಗುತ್ತದೆ. ದೀಪ, ಹಾರ್ನುಗಳಂಥ ಕೊನೆಯ ಸಣ್ಣ ತುಣುಕುಗಳಿಗೆ ಅದು. ಮುಗಿದ ಜೋಡಿನ ಮೇಲೆ ಒದ್ದೆ ಬಟ್ಟೆಯ ತುಂಡನ್ನಿಟ್ಟರೆ ಕಾವು ಅಲ್ಲಿಗೆ ದಾಟುವುದಿಲ್ಲ.

ಮನೆಯಲ್ಲಿ ಮಕ್ಕಳಿರುವವರು ಈ ಮಾತನ್ನು ಗಮನವಿಟ್ಟು ಓದಬೇಕು. ಸೀಸ ವಿಷ. ಕೆಲಸ ಮುಗಿದೊಡನೆ ಕೈತೊಳೆಯದೆ ಏನನ್ನೂ ಬಾಯಿಗೆ ಹಾಕಬಾರದು. ಅರದ ಪುಡಿ ಅಡುಗೆಮನೆಗೆ ಹೋಗಬಾರದು. ಒಡವೆಯ ಅಂಗಡಿಗಳಲ್ಲಿ ‘ಕೆ.ಡಿ.ಎಂ.’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದು ಕ್ಯಾಡ್ಮಿಯಂ ಬೆರೆತ ಬೆಸುಗೆಯಿಂದ ಬಂದ ಹೆಸರು. ಆ ಹೊಗೆ ಶ್ವಾಸಕೋಶವನ್ನು ಕೆಡಿಸುತ್ತದೆ. ಬೆಳ್ಳಿಯ ಬೆಸುಗೆ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ ತನ್ನಿ. ಕಿಟಕಿ ಬಾಗಿಲು ತೆರೆದ ಜಾಗದಲ್ಲಿಯೇ ಕೆಲಸ ಮಾಡಿ.

ಗಾಲಿಗಳನ್ನು ಮಾತ್ರ ಕೈಯಿಂದ ದುಂಡು ಮಾಡಲಾಗದು. ಪೇಟೆಯ ಲೇತಿನ ಕೆಲಸಗಾರರ ಬಳಿ ನಕ್ಷೆ ಒಯ್ದು, ಹನ್ನೆರಡನ್ನೂ ಒಂದೇ ಬಾರಿಗೆ, ಒಂದೇ ಸಲಾಕೆಯಿಂದ ಕಡೆಸಿಕೊಳ್ಳಿ. ಬೋಗಿಯ ಸ್ಪ್ರಿಂಗುಗಳಿಗೆ ತೆಳು ತಂತಿಯನ್ನು ಸೂಜಿಯ ಸುತ್ತ ಒತ್ತೊತ್ತಾಗಿ ಸುತ್ತಿ, ಪ್ರತಿಯೊಂದಕ್ಕೂ ಸುತ್ತುಗಳನ್ನೆಣಿಸಿ ಕತ್ತರಿಸಿ. ಕೈಹಿಡಿಯ ತಂತಿ ಸೊಟ್ಟಗಿದ್ದರೆ ಒಂದು ತುದಿಯನ್ನು ಬಿಗಿದು ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ತುಸು ಎಳೆದರೆ ಬಾಣದಂತೆ ನೆಟ್ಟಗಾಗುತ್ತದೆ. ರೇಡಿಯೇಟರಿನ ಜಾಲರಿಗೆ ಚಹಾ ಸೋಸುವ ನವುರಾದ ಹಿತ್ತಾಳೆ ಬಲೆ ಸಿಕ್ಕರೆ ಅದೇ ಸಾಕು. ಅದರ ಕಣ್ಣುಗಳನ್ನು ಮೊದಲು ಅಳೆದು ನೋಡಿ.

ಬೆಸುಗೆ ಮುಗಿದ ಮೇಲೆ ತೊಳೆಯುವ ಕೆಲಸದಲ್ಲಿ ಉದಾಸೀನ ಸಲ್ಲದು. ದ್ರಾವಕದ ಅಂಶ ಸಂದಿಯಲ್ಲಿ ಉಳಿದರೆ, ನಮ್ಮ ಉಪ್ಪುಗಾಳಿ ಅದರೊಡನೆ ಸೇರಿ, ಬಣ್ಣದ ಅಡಿಯಿಂದ ಹಸಿರು ಕಿಲುಬು ಏಳುತ್ತದೆ. ದೇವರ ದೀಪ ಬೆಳಗುವ ಹುಣಸೆಹುಳಿಯೇ ಇಲ್ಲಿಯೂ ನೆರವಿಗೆ ಬರುತ್ತದೆ. ಅದರ ಹುಳಿ ಕಿಲುಬನ್ನು ಕರಗಿಸುತ್ತದೆ. ಆದರೆ ಆ ಹುಳಿಯೂ ಉಳಿಯಬಾರದು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸೋಪು ನೀರಿನಲ್ಲಿ ಉಜ್ಜಿ, ಬಿಸಿನೀರಿನಲ್ಲಿ ಎರಡು ಮೂರು ಬಾರಿ ಜಾಲಿಸಿ, ಬಿಸಿಲಿಗಿಡಿ. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನ ಗುರುತಿನ ಮೇಲೆ ಬಣ್ಣ ನಿಲ್ಲುವುದಿಲ್ಲ.

ಬಣ್ಣಕ್ಕೆ ದೀಪಾವಳಿ ಕಳೆದ ಮೇಲಿನ ಒಣ ದಿನಗಳನ್ನು ಆರಿಸಿಕೊಳ್ಳಿ. ಆಷಾಢದ ತೇವದಲ್ಲಿ ಬಳಿದ ಮೆರುಗೆಣ್ಣೆ ಆರುವಾಗ ಗಾಳಿಯ ಹಸಿಯನ್ನು ಸೆಳೆದುಕೊಂಡು ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಮೊದಲು ಲೋಹಕ್ಕೆ ಕ2ಚ್ಚುವ ಅಸ್ತರು, ಆಮೇಲೆ ತೆಳುವಾಗಿ ಎರಡು ಮೂರು ಲೇಪ. ದಪ್ಪವಾಗಿ ಬಳಿದರೆ ಕಷ್ಟಪಟ್ಟು ಎಬ್ಬಿಸಿದ ಬೋಲ್ಟಿನ ತಲೆಗಳೆಲ್ಲ ಮುಳುಗುತ್ತವೆ. ಒಂದೊಂದು ಷೆಡ್ಡಿನ ಎಂಜಿನಿಗೆ ಒಂದೊಂದು ಬಣ್ಣವಿರುತ್ತಿತ್ತು. ನೀವು ಆಧಾರವಾಗಿಟ್ಟುಕೊಂಡ ಚಿತ್ರ ಯಾವ ಷೆಡ್ಡಿನದೋ ಆ ಬಣ್ಣವನ್ನೇ ಹಾಕಿ, ತುಸು ತಿಳಿಯಾಗಿರಲಿ. ಸಣ್ಣ ಮೈಯ ಮೇಲೆ ಅದೇ ಬಣ್ಣ ಹೆಚ್ಚು ಗಾಢವಾಗಿ ಕಾಣುತ್ತದೆ.

ಇಷ್ಟೆಲ್ಲ ಆಗಲು ಒಂದು ಮಳೆಗಾಲ ಸಾಲದು. ಮನೆಯವರು ‘ಇದರಿಂದ ಏನು ಲಾಭ?’ ಎಂದು ಕೇಳುವುದೂ ಸಹಜವೇ. ಅವರಿಗೆ ಎರಡು ಉತ್ತರ ಕೊಡಬಹುದು. ನಕ್ಷೆಯನ್ನು ಓದಿ, ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನು ಕಣ್ಣಿನಲ್ಲಿ ಹಿಡಿದು, ಲೋಹವನ್ನು ಹೇಳಿದಂತೆ ಕೇಳಿಸಬಲ್ಲ ಹುಡುಗನಾಗಲಿ ಹುಡುಗಿಯಾಗಲಿ ಯಾವ ಕಾರ್ಖಾನೆಗೆ ಹೋದರೂ ಹೊಟ್ಟೆಗೆ ಮೋಸವಿಲ್ಲ. ಎರಡನೆಯದು ಊರಿನ ಮಾತು. ಮಾದರಿಯ ಪೀಠಕ್ಕೆ ಒಂದು ಸಣ್ಣ ತಗಡು ಬೆಸೆದು, ಎಂಜಿನಿನ ಹೆಸರು, ಪ್ರಮಾಣ, ನಿಜದ ಅಳತೆಗಳು, ಮಾಡಿದ ವರ್ಷ ಇಷ್ಟನ್ನು ಕೆತ್ತಿಸಿ ನಿಮ್ಮ ಊರಿನ ಶಾಲೆಗೋ ವಾಚನಾಲಯಕ್ಕೋ ಕೊಡಿ. ಕುಮಟೆಯ ಹತ್ತಿಬಂಡಿಯ ಗಾಲಿ ಎಷ್ಟೆತ್ತರ ಎಂದು ಕೇಳಿದರೆ ನಾವು ಸುಮ್ಮನಾಗುತ್ತೇವೆ. ಕೊಂಕಣದ ಡೀಸೆಲ್ ಎಂಜಿನಿನ ಗಾಲಿ ಎಷ್ಟೆತ್ತರ ಎಂದು ನಿಮ್ಮ ಮೊಮ್ಮಗು ಕೇಳಿದರೆ, ಒಂದು ಅಳತೆಪಟ್ಟಿ ತರಲು ಹೇಳಿ. ಅಳೆದು ನಲವತ್ತರಿಂದ ಗುಣಿಸುವ ಕೆಲಸ ಅದಕ್ಕೇ ಇರಲಿ.